ಜೋಡಿಗೂಡಿನ ಜ್ವರ



ಮಕ್ಕಳ ವೈದ್ಯನನ್ನು ಕರೆದು ಒಂದು ಗಂಟೆ ಮಾತಾಡು ಎಂದರೆ ಅವನು ಎದೆಹಾಲು, ಲಸಿಕೆ, ಕೈ ತೊಳೆಯುವುದು ಈ ಮೂರನ್ನು ಸುತ್ತಿ ಬಂದು ಕೂತುಬಿಡುತ್ತಾನೆ. ಮೂರೂ ಒಳ್ಳೆಯ ಮಾತೇ. ಆದರೆ ಅವನ್ನು ನಿಮಗೆ ನನಗಿಂತ ಚೆನ್ನಾಗಿ ಮುಂದಿನ ಸಾಲಿನಲ್ಲಿ ಕೂತಿರುವ ಈ ಆಶಾ ಅಕ್ಕಂದಿರು ಹೇಳುತ್ತಾರೆ. ಹಾಗಾಗಿ ನಾನು ಇವತ್ತು ಸ್ವಲ್ಪ ಇಕ್ಕಟ್ಟಿನ ವಿಷಯ ಆರಿಸಿಕೊಂಡಿದ್ದೇನೆ. ಒಂದೇ ಮಗುವಿಗೆ ಒಂದೇ ವಾರದಲ್ಲಿ ಎರಡು ಸೋಂಕು ಬಂದರೆ ಅದನ್ನು ಹೇಗೆ ಪತ್ತೆ ಹಚ್ಚುತ್ತೇವೆ, ಹೇಗೆ ತಪ್ಪಿಸಿಕೊಳ್ಳಲು ಬಿಡುತ್ತೇವೆ, ಮತ್ತು ಇಲ್ಲದ ಎರಡನೆಯದನ್ನು ಹೇಗೆ ನಾವೇ ಕಾಗದದ ಮೇಲೆ ಹುಟ್ಟಿಸುತ್ತೇವೆ. ಕೊನೆಯದು ನಮ್ಮ ಕಸುಬಿನವರಿಗೆ ಅಷ್ಟು ಹಿತವಾದ ಮಾತಲ್ಲ. ಅದಕ್ಕೇ ಅದನ್ನು ಸಾರ್ವಜನಿಕವಾಗಿ ಆಡಬೇಕು ಅನ್ನಿಸಿತು.

ನಂಜುಂಡನ ಊರಾದ ನಂಜನಗೂಡಿನಲ್ಲಿ ನಿಂತು ನಂಜಿನ ಮಾತು ಎತ್ತದೆ ಮುಂದೆ ಹೋಗುವುದು ಹೇಗೆ? ನಮ್ಮ ಸೀಮೆಯಲ್ಲಿ ಗಾಯ ಬಾತರೆ ನಂಜು, ಬದನೆಕಾಯಿ ತಿಂದು ಮೈ ಕೆರೆದರೆ ನಂಜು, ಜ್ವರ ಇಳಿಯದೆ ಮಗು ಮಂಕಾಗಿ ಮಲಗಿದರೆ ‘ನಂಜೇರ್ಬುಟ್ಟದೆ’. ಓದಿಬಂದ ಹೊಸದರಲ್ಲಿ ಈ ಮಾತು ಕೇಳಿದರೆ ನನಗೆ ರೇಗುತ್ತಿತ್ತು. ಯಾವ ನಂಜು, ಎಲ್ಲಿಯ ನಂಜು, ಸರಿಯಾಗಿ ಹೇಳಬಾರದೆ ಅಂತ. ಈಗ ರೇಗುವುದಿಲ್ಲ. ನಂಜು ಅನ್ನುವ ಮಾತು ಒಳಗೆ ಹೊಕ್ಕಿದ್ದು ಒಂದೋ ಎರಡೋ ಎಂದು ಮೊದಲೇ ಲೆಕ್ಕ ಕೊಡುವುದಿಲ್ಲ. ಲೆಕ್ಕ ಕೊಡುವ ಕೆಲಸ ನಮ್ಮದು, ಎಡವುವುದೂ ಅಲ್ಲೇ.

ನಾನು ಎಡವಿದ ಒಂದು ಸಂಗತಿಯಿಂದ ಶುರು ಮಾಡುತ್ತೇನೆ. ಮಗುವಿನ ಗುರುತು ಸಿಗಬಾರದೆಂದು ಎರಡು ಮೂರು ಮಕ್ಕಳ ವಿವರ ಬೆರೆಸಿದ್ದೇನೆ. ತಪ್ಪು ಮಾತ್ರ ಬೆರಕೆಯಿಲ್ಲದ್ದು, ಪೂರ್ತಿ ನನ್ನದು.

ಹುಡುಗಿಗೆ ಏಳು ವರ್ಷ. ಊರು ತಿರುಮಕೂಡಲಿನ ಕಡೆ, ನಾಲೆ ಬಯಲು. ಪಿತೃಪಕ್ಷದ ಮಾರ್ಲಮಿ ಹಬ್ಬ ಕಳೆದು ದಸರಾ ರಜೆ ಶುರುವಾಗುವ ಹೊತ್ತು. ಅಪ್ಪ ಅಮ್ಮ ಕೂಲಿಗೆ ಹೋಗುತ್ತಾರೆ, ಅಜ್ಜಿಯ ಜೊತೆ ಮಗು. ಜ್ವರ ಬಂದ ಮೂರನೇ ದಿನ ಡೆಂಗಿ ಎನ್‌ಎಸ್‌1 ಪಾಸಿಟಿವ್ ಅಂತ ಚೀಟಿ ಬಂತು. ನಾಲ್ಕನೇ ದಿನ ನಾನು ನೋಡಿಕೊಳ್ಳುತ್ತಿದ್ದ ವಾರ್ಡಿಗೆ ಬಂದಳು. ಪ್ಲೇಟ್‌ಲೆಟ್ ಲಕ್ಷದ ಕೆಳಗಿತ್ತು. ಪಕ್ಕದ ಹಾಸಿಗೆಯಲ್ಲಿ ಡೆಂಗಿ, ಎದುರು ಹಾಸಿಗೆಯಲ್ಲಿ ಡೆಂಗಿ, ಇವಳೂ ಡೆಂಗಿ. ಡೆಂಗಿಗೆ ಮಾಡಬೇಕಾದ್ದನ್ನೆಲ್ಲ ಮಾಡಿದೆವು. ಗಂಟೆ ಗಂಟೆಗೆ ನಾಡಿ, ರಕ್ತದೊತ್ತಡ, ಮೂತ್ರದ ಅಳತೆ, ಹನಿ ಲೆಕ್ಕದಲ್ಲಿ ದ್ರವ.

ಡೆಂಗಿಗೆ ಒಂದು ಪಾಳಿ ಇದೆ. ಐದು, ಆರು, ಹೆಚ್ಚೆಂದರೆ ಏಳನೇ ದಿನಕ್ಕೆ ಜ್ವರ ಬಿಡುತ್ತದೆ, ಅಪಾಯ ಬರುವುದೂ ಜ್ವರ ಬಿಡುವ ಆ ಹೊತ್ತಿನಲ್ಲೇ. ಇವಳಿಗೆ ಎಂಟನೇ ದಿನವೂ 103. ಬಿಳಿ ರಕ್ತಕಣ ಡೆಂಗಿಯಲ್ಲಿ ಕಮ್ಮಿಯಾಗಬೇಕು, ಇವಳಿಗೆ ಹದಿನಾಲ್ಕು ಸಾವಿರ ದಾಟಿತ್ತು. ಈಲಿ ಮೂರು ಬೆರಳು ಕೆಳಗೆ ಇಳಿದಿತ್ತು. ಕಣ್ಣಿನ ರೆಪ್ಪೆ ಊದಿತ್ತು. ನಾನು ಇವೆಲ್ಲವನ್ನೂ ಕೇಸ್ ಶೀಟಿನಲ್ಲಿ ಬರೆದಿದ್ದೇನೆ, ಬರೆದು ಕೆಳಗೆ ಮತ್ತೆ ‘ಡೆಂಗಿ’ ಅಂತಲೇ ಬರೆದಿದ್ದೇನೆ. ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿ ಎನ್ನುತ್ತೇವಲ್ಲ, ಡೆಂಗಿ ಸುಗ್ಗಿಯಲ್ಲಿ ವೈದ್ಯನ ಕಣ್ಣಿಗೂ ಅಂಥದೇ ಒಂದು ಕಾಮಾಲೆ ಹತ್ತುತ್ತದೆ.

ಅವತ್ತು ಸಂಜೆ ಅಜ್ಜಿ ಮೊಮ್ಮಗಳ ಫ್ರಾಕು ಬದಲಾಯಿಸುತ್ತಿದ್ದರು. ನಾನು ಪಕ್ಕದ ಹಾಸಿಗೆಯ ಹತ್ತಿರ ನಿಂತಿದ್ದವನು ಸುಮ್ಮನೆ ಕಣ್ಣು ಹಾಯಿಸಿದೆ. ಎಡ ಸೊಂಟದ ಮೇಲೆ, ಕರಿ ಉಡುದಾರದ ಅಡಿಯಲ್ಲಿ, ಕಪ್ಪಗೆ ಒಂದು ಹಕ್ಕಳೆ. ಹೆಸರುಕಾಳಿಗಿಂತ ದೊಡ್ಡದು, ಹುಣಸೆ ಬೀಜಕ್ಕಿಂತ ಚಿಕ್ಕದು. ಸುತ್ತ ತೆಳುವಾಗಿ ಕೆಂಪು. ಬೀಡಿ ತಗುಲಿ ಸುಟ್ಟ ಹಾಗೆ.

“ಅವ್ವಾ, ಇದೇನಿದು?” ಅಂದೆ.

“ಏನಿಲ್ಲ ಬುಡಿ ಸಾ, ಉಡುದಾರ ಉಜ್ಜಿ ಗಾಯ ಆಗದೆ. ಕೊಬ್ರಿ ಎಣ್ಣೆ ಹಚ್ಚಿವ್ನಿ.”

“ನೋವು ಅಂದಳಾ? ಕೆರೆದುಕೊಂಡಳಾ?”

“ಅದೂ ಇಲ್ಲ, ಇದೂ ಇಲ್ಲ. ಮೀಯಿಸೋವಾಗ ನಾನೇ ಕಂಡಿದ್ದು.”

ನೋಯದ, ಕೆರೆಯದ ಕರಿ ಹಕ್ಕಳೆ ಸ್ಕ್ರಬ್ ಟೈಫಸ್‌ನ ಸಹಿ. ಪೊದೆ, ಬದು, ಹುಲ್ಲಿನಲ್ಲಿರುವ ಒಂದು ಜಾತಿಯ ನುಸಿಯ ಮರಿ ಕಚ್ಚಿದ ಜಾಗ ಅದು. ಮರಿ ಎಷ್ಟು ಸಣ್ಣದೆಂದರೆ ಕಚ್ಚಿದ್ದು ಯಾರಿಗೂ ತಿಳಿಯುವುದಿಲ್ಲ. ಬಟ್ಟೆ ಬಿಗಿಯಾಗಿರುವ, ಚರ್ಮ ಮೆತ್ತಗಿರುವ ಜಾಗ ಹುಡುಕಿಕೊಂಡು ಹೋಗುತ್ತದೆ. ಕಂಕುಳು, ತೊಡೆಸಂದು, ಕಿವಿಯ ಹಿಂದೆ, ಕುಂಡೆಯ ಸಂದು, ಮತ್ತು ನಮ್ಮ ಮಕ್ಕಳಲ್ಲಿ ಉಡುದಾರದ ಅಡಿ. ಅವತ್ತೇ ಡಾಕ್ಸಿಸೈಕ್ಲಿನ್ ಶುರು ಮಾಡಿದೆವು. ಮೂರನೇ ದಿನ ಬೆಳಗ್ಗೆ ಹೊತ್ತಿಗೆ ಮೈ ತಣ್ಣಗಿತ್ತು. ರಕ್ತದ ಎಲೈಸಾ ವರದಿ ಆಮೇಲೆ ಬಂತು, ಸ್ಕ್ರಬ್ ಟೈಫಸ್ ಅಂತಲೇ. ಎನ್‌ಎಸ್‌1 ಸುಳ್ಳಾಗಿರಲಿಲ್ಲ, ಎರಡೂ ನಿಜವಾಗಿದ್ದವು.

ಮಗು ಮನೆಗೆ ಹೋದ ಮೇಲೆ ಕೇಸ್ ಶೀಟು ತೆಗೆದು ಮೊದಲ ಪುಟ ನೋಡಿದೆ. ಸೇರಿಸಿದ ದಿನ ನನ್ನದೇ ಕೈಬರಹದಲ್ಲಿ ‘ಚರ್ಮ: ಸರಿಯಿದೆ’ ಎಂದಿತ್ತು. ಫ್ರಾಕು ಎತ್ತಿ ನೋಡದೆ ಬರೆದ ಮಾತು. ಹಕ್ಕಳೆ ಅವತ್ತೂ ಇದ್ದಿರಲೇಬೇಕು, ಯಾಕೆಂದರೆ ಅದು ಮೂಡುವುದೇ ಸಾಮಾನ್ಯವಾಗಿ ಜ್ವರಕ್ಕೆ ಮುಂಚೆ. ನಾಲ್ಕು ದಿನ ಮಗು ನನ್ನ ಎದುರಿಗೇ ಇತ್ತು.

ಆ ಹುಡುಗಿಯ ಊರಿನ ಕಡೆಯ ತಿರುಮಕೂಡಲು ನರಸೀಪುರದಲ್ಲಿ ಸರ್ಕಾರಿ ರೇಷ್ಮೆ ನೂಲು ಬಿಚ್ಚುವ ಕಾರ್ಖಾನೆ ಇದೆ. ಮೈಸೂರು ಸಿಲ್ಕ್ ಸೀರೆಯ ಕತೆ ಶುರುವಾಗುವುದು ಅಂಥ ಕಡೆಯೇ. ರೇಷ್ಮೆ ಸಾಕುವವರು ಈ ಸಭೆಯಲ್ಲೂ ಇದ್ದೀರಿ, ತಪ್ಪಿದರೆ ತಿದ್ದಿ. ಕುದಿನೀರಿಗೆ ಹಾಕುವ ಮುಂಚೆ ಗೂಡು ಆರಿಸುತ್ತಾರಲ್ಲ, ಆಗ ಜೋಡಿಗೂಡುಗಳನ್ನು ಬೇರೆ ತೆಗೆಯುತ್ತಾರೆ. ಎರಡು ಹುಳು ಒಟ್ಟಿಗೆ ಕೂತು ಒಂದೇ ಗೂಡು ಕಟ್ಟಿರುತ್ತವೆ. ಹೊರಗಿಂದ ನೋಡಿದರೆ ಅದೂ ಗೂಡೇ. ಸ್ವಲ್ಪ ದಪ್ಪ, ಸ್ವಲ್ಪ ಗುಂಡು, ಮೈ ಒರಟು. ಎಳೆ ಹಿಡಿದು ಬಿಚ್ಚಲು ಹೋದರೆ ಎರಡು ಎಳೆ ಒಂದಕ್ಕೊಂದು ತೊಡರಿಕೊಂಡು ನೂಲು ಬರುವುದಿಲ್ಲ, ಬಂದರೂ ಗಂಟುಗಂಟು. ಗೂಡು ಆರಿಸುವ ಹೆಣ್ಣುಮಗಳು ಅದನ್ನು ಒಡೆದು ನೋಡುವುದಿಲ್ಲ. ಸಾವಿರ ಒಂಟಿಗೂಡು ಹಿಡಿದ ಅವಳ ಬೆರಳಿಗೆ ‘ಇದು ಆ ಪೈಕಿ ಅಲ್ಲ’ ಅನ್ನುವುದು ತಿಳಿದುಹೋಗುತ್ತದೆ. ಆ ಹುಡುಗಿಯ ಜ್ವರ ಜೋಡಿಗೂಡು. ನನ್ನ ಬೆರಳಿಗೆ ಒರಟು ಹತ್ತಿತ್ತು, ಆದರೂ ಒಂಟಿಗೂಡಿನ ಬುಟ್ಟಿಗೇ ಹಾಕಿದ್ದೆ.

ಇಂಥ ಜೋಡಿ ನಮ್ಮ ಕಡೆ ಯಾಕೆ ಕಟ್ಟುತ್ತದೆ? ನೀರು ಮತ್ತು ಬದು, ಇವೆರಡೇ ಬಹುಪಾಲು ಉತ್ತರ. 1974ರಲ್ಲಿ ಬೀಚನಹಳ್ಳಿಯ ಕಬಿನಿ ಅಣೆಕಟ್ಟು ಮುಗಿದ ಮೇಲೆ ನಾಲೆ ನೀರು ಬಂದ ಕಡೆಯೆಲ್ಲ ಗದ್ದೆ ಹಬ್ಬಿತು. ತಲಕಾಡಿನ ಮಾಧವಮಂತ್ರಿ ಅಣೆಕಟ್ಟೆಯಂಥವು ಅದಕ್ಕೂ ಎಷ್ಟೋ ಹಿಂದಿನವು. ಗದ್ದೆ ಇದ್ದಲ್ಲಿ ಇಲಿ, ಇಲಿಯ ಉಚ್ಚೆ ಸೇರಿದ ನೀರಿನಲ್ಲಿ ಇಲಿಜ್ವರ. ಇಲಿ ಓಡಾಡುವ ಬದುವಿನ ಪೊದೆಯಲ್ಲಿ ಸ್ಕ್ರಬ್ ಟೈಫಸ್‌ನ ನುಸಿ. ಇತ್ತ ನಾಲೆಯಲ್ಲಿ ನೀರು ಹರಿದರೂ ಊರೊಳಗಿನ ನಲ್ಲಿಯಲ್ಲಿ ದಿನಾ ಬರುವುದಿಲ್ಲ, ಹಾಗಾಗಿ ಡ್ರಮ್ಮು, ಸಿಮೆಂಟ್ ತೊಟ್ಟಿ, ಬಚ್ಚಲ ಗುಡಾಣ ತುಂಬಿಸಿಡುತ್ತೇವೆ. ಡೆಂಗಿ, ಚಿಕೂನ್‌ಗುನ್ಯ ತರುವ ಈಡಿಸ್ ಸೊಳ್ಳೆಗೆ ಬೇಕಾದ್ದೂ ಅದೇ ತಿಳಿನೀರು. ಕಪಿಲೆ, ಅಂದರೆ ಇದೇ ಕಬಿನಿ, ಉಕ್ಕಿದ ವರ್ಷ, 2018 ಮತ್ತು 2019ರ ಆಗಸ್ಟ್ ನೆನಪಿಸಿಕೊಳ್ಳಿ, ಮಲ್ಲನಮೂಲೆ ಮಠದ ಹತ್ತಿರ ಮೈಸೂರು ರಸ್ತೆಯೇ ಮುಳುಗಿತ್ತಲ್ಲ, ಅಂಥ ನೆರೆ ಇಳಿದ ಮೇಲೆ ಕುಡಿಯುವ ನೀರಿಗೆ ಚರಂಡಿ ಸೇರಿ ವಿಷಮಶೀತ ಜ್ವರ, ಅಂದರೆ ಟೈಫಾಯ್ಡ್. ನಂಜನಗೂಡು ತಾಲ್ಲೂಕಿನ ಹೆಡಿಯಾಲದ ಕಡೆ ಬಂಡೀಪುರದ ಕಾಡೇ ಅಂಚಿಗಿದೆ. ಮಂಗನ ಕಾಯಿಲೆ ಮಲೆನಾಡಿನದು ಅಂದುಕೊಂಡಿದ್ದೆವು, 2012ರ ಕೊನೆಯಲ್ಲಿ ಬಂಡೀಪುರದಲ್ಲೂ ಕಾಣಿಸಿಕೊಂಡಿತು. ಅದರಿಂದ ಕಾಡಂಚಿನ ಮಗುವಿಗೆ ಕೇಳುವ ಪ್ರಶ್ನೆ ಒಂದು ಜಾಸ್ತಿಯಾಯಿತು.

ಇನ್ನು ಕಾಲದ ಲೆಕ್ಕ. ಡೆಂಗಿ ಸೊಳ್ಳೆ ಕಚ್ಚಿ ಜ್ವರ ಬರಲು 4ರಿಂದ 10 ದಿನ. ನುಸಿ ಕಚ್ಚಿ ಸ್ಕ್ರಬ್ ಟೈಫಸ್ ಬರಲು 6ರಿಂದ 21 ದಿನ. ಹಿಂದಿನ ವಾರ ಅಜ್ಜಿಯ ಜೊತೆ ಹಿಪ್ಪುನೇರಳೆ ಸೊಪ್ಪು ಕುಯ್ಯಲು ಹೋದ ಮಗು, ಈ ವಾರ ಶಾಲೆಯಲ್ಲಿ ಸೊಳ್ಳೆ ಕಚ್ಚಿಸಿಕೊಂಡರೆ ಎರಡೂ ಜ್ವರ ಒಂದೇ ಸೋಮವಾರ ಶುರುವಾಗಬಹುದು. ಮಳೆಗಾಲದ ಕೊನೆಗೆ, ಆಗಸ್ಟ್‌ನಿಂದ ನವೆಂಬರ್‌ವರೆಗೆ, ಎಲ್ಲ ಸೋಂಕುಗಳ ಸುಗ್ಗಿಯೂ ಒಟ್ಟಿಗೆ ಬೀಳುತ್ತದೆ. ತಿರುಮಕೂಡಲಿನಲ್ಲಿ ಕಾವೇರಿ ಕಾಣುತ್ತದೆ, ಕಪಿಲೆ ಕಾಣುತ್ತದೆ, ಸ್ಫಟಿಕ ಸರೋವರ ಕಾಣುವುದಿಲ್ಲ, ಆದರೂ ಸಂಗಮ ಮೂರರದ್ದು ಅನ್ನುತ್ತೇವೆ. ವಾರ್ಡಿನಲ್ಲಿ ಮೂರು ಕೂಡಿದ್ದು ಅಪರೂಪ, ಕಂಡಿದ್ದೇನೆ. ಎರಡು ಅಪರೂಪವಲ್ಲ.

ಇಲ್ಲಿ ಒಂದು ಹಳೆಯ ಕತೆ ಹೇಳಬೇಕು, ನನಗೆ ಬಹಳ ಇಷ್ಟವಾದ್ದು. ಮಲೇರಿಯಾ ನಮ್ಮಲ್ಲಿ ಈಗ ಹೆಚ್ಚುಕಡಿಮೆ ಹೊರಗಿಂದ ಬರುವ ನೆಂಟ. ನಮ್ಮ ಅಜ್ಜಂದಿರ ಕಾಲದಲ್ಲಿ ಮನೆಯವನೇ ಆಗಿದ್ದ. 1920ರ ದಶಕದ ಕೊನೆಯಲ್ಲಿ ಮೈಸೂರು ಸಂಸ್ಥಾನ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಶ್ರೀರಂಗಪಟ್ಟಣದ ಪಕ್ಕದ ನಾಗೇನಹಳ್ಳಿ, ಮೂಡಿಗೆರೆ, ಹಿರಿಯೂರುಗಳಲ್ಲಿ ಮಲೇರಿಯಾ ಅಧ್ಯಯನ ಕೇಂದ್ರ ತೆರೆಯಿತು. ಅಲ್ಲಿ ದುಡಿದ ಸ್ವೀಟ್ ಮತ್ತು ರಾವ್ ಎಂಬ ಇಬ್ಬರು 1937ರಲ್ಲಿ ಒಂದು ಸೂಕ್ಷ್ಮ ಬರೆದರು. ಅನಾಫಿಲಿಸ್ ಸ್ಟೀಫೆನ್ಸಿ ಎಂಬ ಒಂದೇ ಹೆಸರಿನ ಸೊಳ್ಳೆಯಲ್ಲಿ ಎರಡು ತಳಿ ಇವೆ, ಬಲಿತ ಸೊಳ್ಳೆಯ ರೂಪದಲ್ಲಿ ಭೇದ ಕಾಣದು, ಮೊಟ್ಟೆಯನ್ನು ಸೂಕ್ಷ್ಮದರ್ಶಕದಡಿ ಇಟ್ಟು ತೇಲುಬುರುಡೆಯ ಮೇಲಿನ ಏಣುಗಳನ್ನು ಎಣಿಸಿದರೆ ಗೊತ್ತಾಗುತ್ತದೆ ಅಂತ. ಏಣು ಕಮ್ಮಿ ಇರುವ ತಳಿಗೆ ಅವರಿಟ್ಟ ಹೆಸರು ಮೈಸೂರೆನ್ಸಿಸ್. ಪಟ್ಟಣದಲ್ಲಿ ಮಲೇರಿಯಾ ಹರಡುವುದರಲ್ಲಿ ಮುಂದಿರುವುದು ಇನ್ನೊಂದು ತಳಿ, ನಮ್ಮೂರ ಹೆಸರಿನದು ಅಷ್ಟು ಕೆಡುಕಿನದಲ್ಲ ಎನ್ನುವುದು ಸಮಾಧಾನ. ಒಂದರಂತೆ ಕಾಣುವುದು ಎರಡಿರಬಹುದು ಎಂದು ಅನುಮಾನಿಸಿ, ಎಣಿಸಲು ಕೂತ ತಾಳ್ಮೆ ಇದೇ ಮಣ್ಣಿನದು ಎಂದು ಹೇಳಲಿಕ್ಕೆ ಈ ಕತೆ ತಂದೆ.

ಈಗ ಪ್ಲೇಟ್‌ಲೆಟ್. ಆಸ್ಪತ್ರೆಯ ಕಾರಿಡಾರಿನಲ್ಲಿ ಬಂಧುಗಳು ಕ್ರಿಕೆಟ್ ಸ್ಕೋರು ಕೇಳಿದ ಹಾಗೆ ಕೇಳುತ್ತಾರೆ, ‘ಎಷ್ಟಾಯ್ತು ಸಾರ್ ಬಿಳಿ ಕಣ?’ ಅವರ ಮನಸ್ಸಿನಲ್ಲಿರುವುದು ಪ್ಲೇಟ್‌ಲೆಟ್, ಬಾಯಲ್ಲಿ ಬರುವುದು ಬಿಳಿ ರಕ್ತಕಣ. ಅವೆರಡು ಬೇರೆ ಬೇರೆ. ಪ್ಲೇಟ್‌ಲೆಟ್ ಬಿದ್ದರೆ ಡೆಂಗಿ ಅನ್ನುವ ನಂಬಿಕೆ ಪರಂಗಿ ಎಲೆಯ ರಸದಷ್ಟೇ ಗಟ್ಟಿಯಾಗಿ ಬೇರೂರಿದೆ. ಡೆಂಗಿಯಲ್ಲಿ ಅದು ಬೀಳುತ್ತದೆ, ಮಲೇರಿಯಾದಲ್ಲಿ ಬೀಳುತ್ತದೆ, ಸ್ಕ್ರಬ್ ಟೈಫಸ್‌ನಲ್ಲಿ, ಇಲಿಜ್ವರದಲ್ಲಿ, ಮಂಗನ ಕಾಯಿಲೆಯಲ್ಲೂ ಬೀಳುತ್ತದೆ. ಹಾಗಾಗಿ ಯಾರು ಬಂದಿದ್ದಾರೆ ಎಂದು ಅದು ಹೇಳುವುದಿಲ್ಲ, ಯಾರೋ ಬಂದಿದ್ದಾರೆ ಎಂದಷ್ಟೇ ಹೇಳುತ್ತದೆ.

ಹಾಗಾದರೆ ಗೂಡು ಒರಟು ಅಂತ ಯಾವಾಗ ಅನ್ನಿಸಬೇಕು? ಡೆಂಗಿ ಅಂತ ಖಾತ್ರಿಯಾದ ಮಗುವಿನ ಜ್ವರ ಏಳನೇ ದಿನ ದಾಟಿದಾಗ. ಬಿಟ್ಟ ಜ್ವರ ಎರಡು ದಿನ ಕಳೆದು ಮತ್ತೆ ಏರಿದಾಗ, ಅದೂ ಮೊದಲಿಗಿಂತ ಜೋರಾಗಿ. ಬಿಳಿ ರಕ್ತಕಣ ಇಳಿಯುವ ಬದಲು ಏರಿದಾಗ. ಕಣ್ಣು ಹಳದಿಯಾದಾಗ, ಅಥವಾ ಪಿಚ್ಚಿಲ್ಲದೆ ಕೆಂಡದಂತೆ ಕೆಂಪಾಗಿ ಮೀನಖಂಡ ಮುಟ್ಟಿದರೆ ಮಗು ಚೀರಿದಾಗ, ಆಗ ಇಲಿಜ್ವರ ಮನಸ್ಸಿಗೆ ಬರಬೇಕು. ಗುಲ್ಮ ಬಹಳ ದೊಡ್ಡದಾಗಿದ್ದರೆ ಮಲೇರಿಯಾದ ಲೇಪ ಇನ್ನೊಮ್ಮೆ ನೋಡಬೇಕು. ಇವುಗಳಲ್ಲಿ ಯಾವೊಂದೂ ಎರಡನೆಯ ಸೋಂಕನ್ನು ಸಾಬೀತು ಮಾಡುವುದಿಲ್ಲ. ಡೆಂಗಿಯೇ ಉಲ್ಬಣಿಸಿ ಈಲಿ ಕೆಟ್ಟಿರಬಹುದು, ಡ್ರಿಪ್ ಹಾಕಿದ ಸೂಜಿಯಿಂದ ಆಸ್ಪತ್ರೆಯ ಸೋಂಕೇ ತಗುಲಿರಬಹುದು. ಇವು ಮತ್ತೆ ಮೊದಲಿಂದ ನೋಡು ಎನ್ನುವ ಕರೆಗಂಟೆ ಅಷ್ಟೇ.

ಪರೀಕ್ಷೆಗಳಿಗೆ ಬರೋಣ. ನಾನು ವಿದ್ಯಾರ್ಥಿಗಳಿಗೆ ಹೇಳುವುದು, ಪ್ರತಿ ಪರೀಕ್ಷೆಗೂ ಅಂಗಡಿ ತೆಗೆಯುವ ಹೊತ್ತು, ಮುಚ್ಚುವ ಹೊತ್ತು ಇದೆ ಅಂತ. ಡೆಂಗಿಯ ಎನ್‌ಎಸ್‌1 ಜ್ವರದ ಮೊದಲ ದಿನದಿಂದ ಐದನೇ ದಿನದವರೆಗೆ ಚೆನ್ನಾಗಿ ಸಿಗುತ್ತದೆ, ಆಮೇಲೆ ಕ್ಷೀಣ. ದೇಹ ಮಾಡುವ ಪ್ರತಿಕಾಯವನ್ನು ಹುಡುಕುವ ಐಜಿಎಂ ಐದನೇ ದಿನದ ಹೊತ್ತಿಗೆ ಬಾಗಿಲು ತೆಗೆಯುತ್ತದೆ, ಆದರೆ ಎರಡು ಮೂರು ತಿಂಗಳು ಮುಚ್ಚುವುದೇ ಇಲ್ಲ. ಸ್ಕ್ರಬ್ ಟೈಫಸ್‌ನ ಐಜಿಎಂ ಐದರಿಂದ ಏಳನೇ ದಿನಕ್ಕೆ ಮೂಡಿ ಕೆಲವರಲ್ಲಿ ವರ್ಷವಿಡೀ ಉಳಿದುಬಿಡುತ್ತದೆ. ಟೈಫಾಯ್ಡಿಗೆ ಬ್ಲಡ್ ಕಲ್ಚರ್ ಸಿಗುವುದು ಮೊದಲ ವಾರದಲ್ಲಿ, ಅದೂ ಆಂಟಿಬಯಾಟಿಕ್ ಬೀಳುವ ಮುಂಚೆ. ಔಷಧಿ ಅಂಗಡಿಯಲ್ಲಿ ಬಾಯಿಮಾತಿಗೆ ಕೊಟ್ಟ ಎರಡು ಮಾತ್ರೆ ನುಂಗಿಸಿ ಬಂದರೆ ಆ ಬಾಗಿಲು ಮುಚ್ಚಿದ ಹಾಗೆಯೇ.

ಇದರ ಅರ್ಥ ಬಿಡಿಸಿ ಹೇಳುತ್ತೇನೆ. ಜ್ವರದ ಎರಡನೇ ದಿನ ಸ್ಕ್ರಬ್ ಟೈಫಸ್ ಐಜಿಎಂ ‘ಇಲ್ಲ’ ಅಂತ ಬಂದರೆ ಆ ಇಲ್ಲಕ್ಕೆ ಬೆಲೆಯಿಲ್ಲ, ಮಗುವಿನ ದೇಹ ಇನ್ನೂ ಉತ್ತರ ಬರೆಯಲು ಶುರುವೇ ಮಾಡಿಲ್ಲ. ಹಾಗೆಯೇ ಒಂದು ಮಗುವಿಗೆ ಶ್ರಾವಣದಲ್ಲಿ ಡೆಂಗಿ ಬಂದು ಹೋಗಿ, ದಸರೆಗೆ ಟೈಫಾಯ್ಡ್ ಬಂದರೆ ಡೆಂಗಿ ಐಜಿಎಂ ಇನ್ನೂ ಪಾಸಿಟಿವ್ ಇರಬಹುದು. ಚೀಟಿಯ ಮೇಲೆ ಎರಡು ಕಾಯಿಲೆ, ಮಗುವಿನ ಮೈಯಲ್ಲಿ ಒಂದೇ. ಹಳೆಯ ನೆನಪನ್ನು ಹೊಸ ನೆಂಟ ಅಂದುಕೊಂಡಂತೆ.

ಇನ್ನೂ ಒಂದು ಸೂಕ್ಷ್ಮವಿದೆ. ಪ್ರತಿಕಾಯದ ಪರೀಕ್ಷೆಗಳು ಕೆಲವೊಮ್ಮೆ ಒಬ್ಬರ ಮುಖ ನೋಡಿ ಇನ್ನೊಬ್ಬರ ಹೆಸರು ಹೇಳುತ್ತವೆ. ವೇಲ್–ಫೆಲಿಕ್ಸ್ ಅಂತ 1916ರಿಂದ ಇರುವ ಪರೀಕ್ಷೆಯಂತೂ ನಿಂತಿರುವುದೇ ಈ ಹೋಲಿಕೆಯ ಮೇಲೆ. ಟೈಫಸ್ ಗುಂಪಿನ ಕಾಯಿಲೆಗೆ ದೇಹ ಮಾಡಿದ ಪ್ರತಿಕಾಯ, ಅದಕ್ಕೆ ಸಂಬಂಧವೇ ಇಲ್ಲದ ಪ್ರೋಟಿಯಸ್ ಎಂಬ ಬ್ಯಾಕ್ಟೀರಿಯಾವನ್ನು ಹಿಡಿದುಕೊಳ್ಳುತ್ತದೆ. ದಾರಿಹೋಕನ ಮೂಗು ನೋಡಿ ಮಗ ಇವನೇ ಎಂದಂತೆ. ಬೇರೇನೂ ಸಿಗದ ಕಡೆ ಅದೂ ಆದೀತು, ಅದನ್ನೇ ನಂಬಿ ಕೂರಬಾರದು. 1896ರ ವಿಡಾಲ್ ಪರೀಕ್ಷೆಯ ಪಾಡೂ ಇದೇ. ಟೈಫಾಯ್ಡ್ ಓಡಾಡುವ ಊರಿನಲ್ಲಿ, ಲಸಿಕೆ ಹಾಕಿಸಿಕೊಂಡ ಮಕ್ಕಳಲ್ಲಿ, ಒಂದೇ ಒಂದು ವಿಡಾಲ್ ನೋಡಿ ‘ಟೈಫಾಯ್ಡ್ ಐತೆ, ಡೆಂಗಿನೂ ಐತೆ’ ಎಂದು ಬರೆದುಕೊಟ್ಟ ಚೀಟಿಗಳನ್ನು ಒಟ್ಟು ಮಾಡಿದ್ದರೆ ನನ್ನ ಮೇಜಿನ ಖಾನೆ ಸಾಲುತ್ತಿರಲಿಲ್ಲ.

ಈಚೆಗೆ ಲ್ಯಾಬುಗಳಲ್ಲಿ ‘ಫೀವರ್ ಪ್ರೊಫೈಲ್’ ಎಂಬುದು ಬಂದಿದೆ. ಒಂದು ಸಲ ರಕ್ತ ಕೊಡಿ, ಐದು ಕಾರ್ಡು ನೋಡಿಬಿಡೋಣ. ಕೇಳಲು ಚಂದ. ಒಂದು ಲೆಕ್ಕ ಮಾಡೋಣ. ಪ್ರತಿ ಕಾರ್ಡೂ ಬಹಳ ಒಳ್ಳೆಯದು, ಕಾಯಿಲೆ ಇಲ್ಲದ ನೂರು ಮಕ್ಕಳಲ್ಲಿ 95 ಮಕ್ಕಳಿಗೆ ಸರಿಯಾಗಿ ‘ಇಲ್ಲ’ ಅನ್ನುತ್ತದೆ ಎಂದಿಟ್ಟುಕೊಳ್ಳಿ. ಐವರಿಗೆ ಮಾತ್ರ ಸುಳ್ಳೇ ‘ಇದೆ’. ಈಗ ಈ ಐದೂ ಕಾಯಿಲೆ ಇಲ್ಲದ, ಬರೀ ಮಾಮೂಲಿ ವೈರಲ್ ಜ್ವರದ ನೂರು ಮಕ್ಕಳಿಗೆ ಐದೈದು ಕಾರ್ಡು ಹಾಕಿ. ಒಂದು ಕಾರ್ಡಿನ ತಪ್ಪಿಗೂ ಇನ್ನೊಂದರದ್ದಕ್ಕೂ ನಂಟಿಲ್ಲ ಎಂದುಕೊಂಡರೆ, ಸುಮಾರು 23 ಮಕ್ಕಳ ಕೈಗೆ ಒಂದಾದರೂ ಸುಳ್ಳು ಪಾಸಿಟಿವ್ ಬರುತ್ತದೆ. ಇವರ ಜೊತೆ ನಿಜವಾದ ಡೆಂಗಿ ಇರುವ ಮಕ್ಕಳಿದ್ದರೆ ಅವರಲ್ಲೂ ಹಲವರ ಚೀಟಿಯಲ್ಲಿ ಇಲ್ಲದ ಎರಡನೆಯ ಕಾಯಿಲೆ ಕೂರುತ್ತದೆ. ಜೋಡಿಗೂಡು ಕಟ್ಟಿದ್ದು ಹುಳುವಲ್ಲ, ನಾವು. 2024ರ ಜುಲೈನಲ್ಲಿ ಸರ್ಕಾರ ಡೆಂಗಿ ಪರೀಕ್ಷೆಗೆ ಬೆಲೆಮಿತಿ ಹಾಕಿದ್ದು ಬಡವರಿಗೆ ನೆರವಾಯಿತು, ಒಳ್ಳೆಯದು. ಆದರೆ ಎಷ್ಟು ಪರೀಕ್ಷೆ, ಯಾವ ದಿನ ಎಂಬುದಕ್ಕೆ ಯಾವ ಸರ್ಕಾರವೂ ಮಿತಿ ಹಾಕಲಾರದು. ಅದು ಮಗುವಿನ ಹೊಟ್ಟೆಯ ಮೇಲೆ ಕೈಯಿಟ್ಟವನು ಮಾಡಬೇಕಾದ ತೀರ್ಮಾನ.

ನನ್ನ ಕ್ರಮ ಇಷ್ಟು. ಮೊದಲು ಒಂದೇ ಕಾಯಿಲೆ ಎಂದು ನಂಬಿ ನಡೆಯುತ್ತೇನೆ, ಹೆಚ್ಚಿನ ಮಕ್ಕಳಲ್ಲಿ ಅದು ಸರಿ. ಆದರೆ ದಿನಾ ಬೆಳಗ್ಗೆ ಮಗುವನ್ನು ಹೊಸದಾಗಿ, ಬಟ್ಟೆ ಬಿಚ್ಚಿ ನೋಡುತ್ತೇನೆ. ಹೆಸರಿಟ್ಟ ಕಾಯಿಲೆಯ ಪಾಳಿಗೂ ಮಗುವಿನ ಪಾಳಿಗೂ ತಾಳೆ ತಪ್ಪಿದ ದಿನ, ತಪ್ಪಿದ ಬಗೆ ನೋಡಿ ಮುಂದಿನ ಪರೀಕ್ಷೆ ಕೇಳುತ್ತೇನೆ. ಬಂದ ಉತ್ತರವನ್ನು ಜ್ವರದ ದಿನದ ಪಕ್ಕ ಇಟ್ಟು ಓದುತ್ತೇನೆ. ಮಗು ತೀರಾ ಸೋತಿದ್ದರೆ ಕಾಯುವುದಿಲ್ಲ, ರಕ್ತ ತೆಗೆದಿಟ್ಟು ಔಷಧಿ ಶುರು ಮಾಡುತ್ತೇನೆ.

ಔಷಧಿಗೆ ಮಗುವಿನ ಮೈ ಕೊಡುವ ಉತ್ತರವೂ ಒಂದು ಪರೀಕ್ಷೆಯೇ. ಆಸ್ಪತ್ರೆಗಳಲ್ಲಿ ಜ್ವರಕ್ಕೆ ಮೊದಲು ಕೊಡುವ ಸೆಫ್‌ಟ್ರಯಾಕ್ಸೋನ್ ಇಂಜೆಕ್ಷನ್ನು ಟೈಫಾಯ್ಡಿಗೆ ಆಗುತ್ತದೆ, ಇಲಿಜ್ವರಕ್ಕೆ ಆಗುತ್ತದೆ, ಸ್ಕ್ರಬ್ ಟೈಫಸ್‌ಗೆ ಏನೂ ಆಗುವುದಿಲ್ಲ. ಮೂರು ದಿನ ಸೆಫ್‌ಟ್ರಯಾಕ್ಸೋನ್ ಹೋದರೂ ಜ್ವರ ಕದಲದಿದ್ದರೆ ಉಡುದಾರ ಎತ್ತಿ ನೋಡಬೇಕು. ಡಾಕ್ಸಿಸೈಕ್ಲಿನ್ ಕೊಟ್ಟರೆ ಸ್ಕ್ರಬ್ ಟೈಫಸ್ ಜ್ವರ ಸಾಮಾನ್ಯವಾಗಿ 48 ಗಂಟೆಯಲ್ಲಿ ಇಳಿಯುತ್ತದೆ. ಇಳಿಯಲಿಲ್ಲವೆ, ಇದು ಬೇರೆ, ಅಥವಾ ಇದರ ಜೊತೆ ಬೇರೆ.

ಡಾಕ್ಸಿಸೈಕ್ಲಿನ್ ಅಂದ ಕೂಡಲೇ ನಮ್ಮ ಸಹೋದ್ಯೋಗಿಗಳೇ ಕೆಲವರು ಹುಬ್ಬು ಏರಿಸುತ್ತಾರೆ. ಹಲ್ಲು ಹಳದಿಯಾಗುತ್ತದಲ್ಲ, ಎಂಟು ವರ್ಷದೊಳಗಿನವರಿಗೆ ಕೊಡಬಾರದಲ್ಲ ಅಂತ. ಹಲ್ಲುಪುಡಿಗೆ ಹೆಸರಾದ ಊರಿನಲ್ಲಿ ಹಲ್ಲಿನ ಚಿಂತೆ ಸಹಜ. ಈ ಹೆದರಿಕೆ ಹುಟ್ಟಿದ್ದು ಹಳೆಯ ಟೆಟ್ರಾಸೈಕ್ಲಿನ್‌ನಿಂದ. ಅದು ಬೆಳೆಯುವ ಹಲ್ಲಿನ ಸುಣ್ಣಕ್ಕೆ ಅಂಟಿಕೊಳ್ಳುತ್ತಿತ್ತು. ಡಾಕ್ಸಿಸೈಕ್ಲಿನ್ ಹಾಗೆ ಅಂಟುವುದು ಬಹಳ ಕಮ್ಮಿ. ಅಮೆರಿಕದ ಮೂಲನಿವಾಸಿಗಳ ನೆಲೆಯೊಂದರಲ್ಲಿ ಉಣ್ಣಿಜ್ವರದ ಅನುಮಾನಕ್ಕೆ ಎಂಟು ವರ್ಷದೊಳಗೇ ಅಲ್ಪಾವಧಿ ಡಾಕ್ಸಿಸೈಕ್ಲಿನ್ ತೆಗೆದುಕೊಂಡಿದ್ದ 58 ಮಕ್ಕಳ ಹಲ್ಲನ್ನು, ತೆಗೆದುಕೊಳ್ಳದ 213 ಮಕ್ಕಳ ಹಲ್ಲಿನ ಜೊತೆ ಹೋಲಿಸಿ ನೋಡಿದರು, ಆ ಬಗೆಯ ಕಲೆ ಕಾಣಲಿಲ್ಲ. ಆ ವರದಿ ಬಂದಿದ್ದು 2015ರಲ್ಲಿ. ಗರ್ಭಿಣಿಯರಿಗೆ, ಕೆಲವು ಮಕ್ಕಳಿಗೆ ಅಜಿಥ್ರೋಮೈಸಿನ್ ಇದೆ, ಅದು ಬೇರೆ ಮಾತು. ಸ್ಕ್ರಬ್ ಟೈಫಸ್ ಶ್ವಾಸಕೋಶಕ್ಕೋ ಮೆದುಳಿಗೋ ಹತ್ತಿದ ಮಗುವಿಗೆ ಹಲ್ಲಿನ ನೆಪ ಹೇಳಿ ಔಷಧಿ ತಡೆಯುವುದನ್ನು ಮಾತ್ರ ನಾನು ಒಪ್ಪಲಾರೆ.

ಎರಡು ಕೂಡಿದಾಗಿನ ನಿಜವಾದ ಕಷ್ಟ ಡ್ರಿಪ್ಪಿನದು. ಡೆಂಗಿಯಲ್ಲಿ ರಕ್ತನಾಳ ಸೋರುತ್ತದೆ, ಆ ಒಂದೆರಡು ದಿನ ಅಳೆದು ದ್ರವ ಕೊಡದಿದ್ದರೆ ಮಗು ಕೈತಪ್ಪುತ್ತದೆ. ಸ್ಕ್ರಬ್ ಟೈಫಸ್‌ನಲ್ಲಿ ಶ್ವಾಸಕೋಶದ ಸಣ್ಣ ರಕ್ತನಾಳಗಳೇ ಬೆಂದಿರುತ್ತವೆ, ಹೆಚ್ಚಿಗೆ ಕೊಟ್ಟರೆ ಪುಪ್ಪುಸ ನೀರು ತುಂಬಿಕೊಳ್ಳುತ್ತದೆ. ಕಮ್ಮಿಯಾದರೆ ಒಂದು ಕಡೆ, ಜಾಸ್ತಿಯಾದರೆ ಇನ್ನೊಂದು ಕಡೆ. ‘ಒಂದು ಬಾಟಲು ಗ್ಲೂಕೋಸ್ ಹಾಕ್ಬುಡಿ, ಸುಸ್ತು ಹೋಯ್ತದೆ’ ಎಂದು ಕೇಳಿದಾಗ ನಾವು ತಡಮಾಡುವುದು ಇದಕ್ಕೇ, ಜಿಪುಣತನಕ್ಕಲ್ಲ. ಜ್ವರಕ್ಕೆ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಸಿರಪ್ಪು ಬೇಡ, ಇದನ್ನು ನೂರು ಸಲ ಹೇಳಿದ್ದೇನೆ, ಇದು ನೂರೊಂದನೆಯದು.

ತಾಯಂದಿರೆ, ನೀವು ಮನೆಯಿಂದ ತರಬಹುದಾದ ಸಾಕ್ಷ್ಯಗಳಿಗೆ ಲ್ಯಾಬಿನವಕ್ಕಿಂತ ಬೆಲೆ ಹೆಚ್ಚು. ‘ಜ್ವರ ಎಷ್ಟು ದಿನದಿಂದ?’ ಅಂದರೆ ‘ಮೊನ್ನೆಯಿಂದ’ ಅನ್ನುತ್ತೀರಿ. ಅದರ ಹಿಂದಿನ ಎರಡು ದಿನದ ಮೈಬೆಚ್ಚಗಿನ ಲೆಕ್ಕ ಬಿಟ್ಟುಹೋಗಿರುತ್ತದೆ. ನಾನು ಈಗ ಹಬ್ಬ, ಸಂತೆ ಹಿಡಿದು ಕೇಳುತ್ತೇನೆ. ಸಂತೆ ದಿನ ಚೆನ್ನಾಗಿದ್ದಳಾ? ಮಾರ್ಲಮಿ ಎಡೆಯ ಊಟ ಸರಿಯಾಗಿ ಮಾಡಿದಳಾ? ಆಗ ನಿಜವಾದ ಮೊದಲ ದಿನ ಹೊರಬೀಳುತ್ತದೆ. ಗೋಡೆಯ ಮೇಲೆ ಒಂಟಿಕೊಪ್ಪಲು ಪಂಚಾಂಗದ ಕ್ಯಾಲೆಂಡರು ಎಲ್ಲರ ಮನೆಯಲ್ಲೂ ತೂಗುತ್ತದಲ್ಲ, ರಾಹುಕಾಲ ನೋಡುವ ಆ ಕಾಗದದ ಮೇಲೆ ಜ್ವರ ಬಂದ ದಿನಕ್ಕೆ ಒಂದು ಸುತ್ತು ಹಾಕಿ. ಔಷಧಿ ಅಂಗಡಿಯ ಮಾತ್ರೆಯ ಖಾಲಿ ಹಾಳೆ ಎಸೆಯದೆ ತನ್ನಿ. ಎರಡು ತಿಂಗಳ ಹಿಂದಿನ ಹಳೆಯ ಚೀಟಿಯೂ ಇರಲಿ. ಮಗು ಎಲ್ಲಿ ಆಡಿತು, ಗದ್ದೆಗೆ ಇಳಿಯಿತಾ, ಸೌದೆ ತರಲು ಯಾರ ಜೊತೆ ಹೋಗಿತ್ತು, ಇದನ್ನು ವೈದ್ಯ ಕೇಳದಿದ್ದರೂ ನೀವೇ ಹೇಳಿ. ಆಶಾ ಅಕ್ಕಂದಿರೆ, ನೀವು ಮನೆಗೆ ಹೋದಾಗ ಡ್ರಮ್ಮಿನ ಮುಚ್ಚಳ ಎತ್ತಿ ನೋಡುತ್ತೀರಿ, ಹಾಗೆಯೇ ಜ್ವರದ ಮಗುವಿನ ಅಂಗಿಯನ್ನೂ ಎತ್ತಿ ನೋಡಿ.

ಆ ಅಜ್ಜಿಯ ಮಾತು ಹೇಳಿ ಇಳಿಯುತ್ತೇನೆ. ಮರುವರ್ಷ ಅದೇ ಕಾಲದಲ್ಲಿ ಹುಡುಗಿಯ ತಮ್ಮನನ್ನು ಎತ್ತಿಕೊಂಡು ಹೊರರೋಗಿ ವಿಭಾಗಕ್ಕೆ ಬಂದರು. ಹುಡುಗನ ಮೂಗು ಸೋರುತ್ತಿತ್ತು. ನಾನು ಪೆನ್ನು ತೆಗೆಯುವ ಮುಂಚೆಯೇ ಸೆರಗಿನ ಗಂಟಿನಿಂದ ಕ್ಯಾಲೆಂಡರಿನ ಹರಿದ ಚೂರು ತೆಗೆದು ಮೇಜಿನ ಮೇಲಿಟ್ಟರು. ಅದರಲ್ಲಿ ಮೂರು ದಿನಕ್ಕೆ ಇದ್ದಿಲಿನ ಗೆರೆ. ಆಮೇಲೆ ಹುಡುಗನ ಚಡ್ಡಿ ಸರ್ರನೆ ಇಳಿಸಿ, ಉಡುದಾರವನ್ನು ಬೆರಳಿನಿಂದ ಎತ್ತಿ ಹಿಡಿದು, ಅವನನ್ನು ಒಂದು ಸುತ್ತು ತಿರುಗಿಸಿದರು.

“ಇಲ್ಲೇನಿಲ್ಲ, ನೋಡ್ಕಳಿ ಸಾ. ಕಂಕ್ಳು, ಕಿವಿ ಹಿಂದ್ಗಡೆ ಎಲ್ಲ ನಾನೇ ನೋಡಿವ್ನಿ.”

ಹುಡುಗ ನಾಚಿಕೆಯಿಂದ ಅಳಲು ಶುರು ಮಾಡಿದ. ಅವನಿಗಿದ್ದದ್ದು ಬರೀ ನೆಗಡಿ.